ಕೇಮನ್ನಿನಲ್ಲಿ ಇವತ್ತೂ ಗಾಳಿಯಂತೆ

ಮೊನ್ನೆ ಮೀನಾದಲ್ಲಿ ಬಂಗುಡೆ ಆರಿಸುತ್ತ ನಿಂತಿದ್ದೆ. ಅಬುಧಾಬಿಯ ಬಂದರಿಗೆ ಇಲ್ಲಿ ಎಲ್ಲರೂ ಮೀನಾ ಎನ್ನುತ್ತಾರೆ. ಅರಬ್ಬಿಯಲ್ಲಿ ಆ ಮಾತಿಗೆ ಬಂದರು ಎಂದಷ್ಟೇ ಅರ್ಥ. ನಮ್ಮ ಊರಿನವರು ಮಾತ್ರ ಮೀನು ಸಿಗುವ ಜಾಗವಾದ್ದರಿಂದ ಮೀನಾ ಎಂದು ಗಟ್ಟಿಯಾಗಿ ನಂಬಿದ್ದಾರೆ. ಮೀನು ಶುಚಿ ಮಾಡಿಸಿಕೊಂಡು ಹೊರಗೆ ಬಂದೆ, ಗಾಳಿಯೋ ಗಾಳಿ. ಆಕಾಶ ತೊಳೆದಿಟ್ಟ ಹಾಗೆ ನೀಲಿ, ಬಿಸಿಲೂ ಚೆನ್ನಾಗಿತ್ತು, ಆದರೆ ಗಾಳಿ ಮಾತ್ರ ದುಪಟ್ಟಾವನ್ನು ಎಳೆದು ಬಾಯಿಗೆ ತುರುಕುವಂಥದ್ದು. ಉಪ್ಪು, ಡೀಸೆಲ್, ಮರಳು ಮೂರೂ ಸೇರಿದ ವಾಸನೆ. ಟ್ಯಾಕ್ಸಿಗಳೆಲ್ಲ ಸಾಲಾಗಿ ಸುಮ್ಮನೆ ನಿಂತಿದ್ದವು. "ಆಜ್ ಶಿಪ್ ಮಾಫಿ," ಎಂದ ಪಠಾಣ್ ಡ್ರೈವರ್, ನಾನು ಕೇಳುವ ಮೊದಲೇ. "ಹವಾ ಹೈ. ಖಲಾಸ್." ಇವತ್ತು ಹಡಗಿಲ್ಲ, ಗಾಳಿ, ಮುಗಿಯಿತು ಕತೆ ಎಂದು ಅರ್ಥ. ಹಡಗಿನಿಂದ ಇಳಿಯುವ ಪ್ರವಾಸಿಗರನ್ನು ನಂಬಿ ಬೆಳಿಗ್ಗೆಯಿಂದ ಕಾದಿದ್ದನಂತೆ.

ಆ ವಾಸನೆಗೆ ನನಗೆ ಹೋದ ಚಳಿಗಾಲದ ಹೊಟ್ಟೆಕಿಚ್ಚು ಇಡಿಯಾಗಿ ನೆನಪಾಯಿತು. ಹೊಟ್ಟೆಕಿಚ್ಚು ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಅಸೂಯೆ ಎನ್ನಬಹುದು, ಮತ್ಸರ ಎನ್ನಬಹುದು, ಅವೆಲ್ಲ ಶಾಲೆಯ ಪಾಠದಲ್ಲಿ ಬರುವ ಮಾತುಗಳು. ನಿಜವಾಗಿ ಹತ್ತಿಕೊಂಡವಳಿಗೆ ಅದು ಎಲ್ಲಿ ಉರಿಯುತ್ತದೆಂದು ಗೊತ್ತಿರುತ್ತದೆ.

ನಾನು ಇಲ್ಲೇ ಹೊರವಲಯದ ಬನಿಯಾಸ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ, ಮಧ್ಯಾಹ್ನ ಬಿಡುವು. ಇರುವುದು ಜೊಹರಾಕ್ಕನ ಫ್ಲಾಟಿನ ಒಂದು ಕೋಣೆಯಲ್ಲಿ. ಜೊಹರಾಕ್ಕ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಗಂಡನಿಗೆ ಇಲ್ಲೇ ಟಯರಿನ ವ್ಯಾಪಾರ. ನನ್ನ ಗಂಡ ದಿನೇಶ್ ಒಂದು ಪ್ರವಾಸಿ ಹಡಗಿನ ಬೇಕರಿಯಲ್ಲಿ. ಹಡಗು ಇರುವುದು ಕೆರಿಬಿಯನ್ ಕಡೆ. ಮದುವೆಯಾಗಿ ನಾಲ್ಕು ವರ್ಷ. ಅದರಲ್ಲಿ ನಾವು ಒಂದೇ ಸೂರಿನಡಿ ಇದ್ದದ್ದು ಅವರ ರಜೆಗಳಲ್ಲಿ ಮಾತ್ರ, ಆ ರಜೆಯಲ್ಲೂ ಅರ್ಧ ನನ್ನ ರಜೆಗೆ ಹೊಂದುತ್ತಿರಲಿಲ್ಲ. ಆದ್ದರಿಂದ ಕೊನೆಯ ಸಲ ಊರಲ್ಲಿ ಸಿಕ್ಕಾಗ ಮಾತು ಪಕ್ಕಾ ಆಗಿತ್ತು. ಮಾರ್ಚಿನಲ್ಲಿ ಕಾಂಟ್ರಾಕ್ಟ್ ಮುಗಿಯುತ್ತದೆ, ಮುಗಿದ ಮೇಲೆ ಹಡಗಿಗೆ ನಮಸ್ಕಾರ, ಸೀದಾ ಅಬುಧಾಬಿಗೆ ಬರುವುದು. ಜೊಹರಾಕ್ಕನ ಗಂಡ ಪಕ್ಕದ ಮುಸಫ್ಫಾದ ಒಂದು ಬೇಕರಿಯಲ್ಲಿ ಮಾತಾಡಿ ಇಟ್ಟಿದ್ದರು. ವೀಸಾ ಅವರೇ ಕೊಡುತ್ತಾರೆ, ಮಾರ್ಚ್ ತನಕ ಕಾಯುತ್ತಾರೆ. ನಾನು ನನ್ನ ಒಂಟಿ ಮಂಚ ಮಾರಿ ದೊಡ್ಡ ಮಂಚವನ್ನೇ ತರಿಸಿಬಿಟ್ಟಿದ್ದೆ. ಕೋಣೆಯಲ್ಲಿ ಮತ್ತೆ ಕಾಲಿಡಲು ಜಾಗವಿರಲಿಲ್ಲ, ಕಪಾಟಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಅಷ್ಟು ದೊಡ್ಡ ಮಂಚದಲ್ಲಿ ನಾನು ಹಳೆಯ ಅಭ್ಯಾಸದಂತೆ ಗೋಡೆಯ ಬದಿಗೇ ಮಲಗುತ್ತಿದ್ದೆ.

ಹಡಗಿನ ಇಂಟರ್ನೆಟ್ಟಿನಲ್ಲಿ ಮಾತು ಮುಕ್ಕಾಲು ಪಾಲು ನುಂಗಿಹೋಗುತ್ತದೆ. ಅದಕ್ಕೆ ವಾರಕ್ಕೊಮ್ಮೆ ಹಡಗು ಗ್ರ್ಯಾಂಡ್ ಕೇಮನ್ ಎಂಬ ದ್ವೀಪಕ್ಕೆ ಬಂದಾಗ ಅವರು ದಡಕ್ಕಿಳಿದು ನನಗೆ ವಿಡಿಯೊ ಕಾಲ್ ಮಾಡುತ್ತಿದ್ದರು. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಕ್ಲಿನಿಕ್ಕಿನಲ್ಲಿ ನನ್ನ ಜೊತೆಗಿದ್ದ ಫಿಲಿಪಿನೊ ಹುಡುಗಿಗೆ ಕೌಂಟರ್ ಒಪ್ಪಿಸಿ ನಾನು ಎಕ್ಸ್‌ರೇ ಕೋಣೆಯ ಪಕ್ಕ ನಿಂತು ಮಾತಾಡುತ್ತಿದ್ದೆ. ವಾರದಲ್ಲಿ ನನಗೆ ಗಂಡ ಇದ್ದದ್ದು ಆ ಹೊತ್ತು ಮಾತ್ರ.

ಎಲ್ಲ ಶುರುವಾದದ್ದು ಒಂದು ಕೋಳಿಯಿಂದ. ಆ ದ್ವೀಪದಲ್ಲಿ ಕೋಳಿಗಳು ರಸ್ತೆಯಲ್ಲೇ ಓಡಾಡುತ್ತವಂತೆ, ಹೇಳುವವರು ಕೇಳುವವರು ಯಾರೂ ಇಲ್ಲ. ಅಕ್ಟೋಬರ್ ಕೊನೆಗೆ ಒಂದು ದಿನ ದಿನೇಶ್ ನಗುತ್ತ ಹೇಳಿದರು. ನಾವು ಮನೆಯಲ್ಲಿ ಮಾತಾಡುವುದು ತುಳು, ಅವರು ಹೇಳಿದ್ದೂ ತುಳುವಿನಲ್ಲೇ: "ಆವತ್ತು ನಮ ಕಟ್ಟೆಯ ಮೇಲೆ ಕೂತು ಮೀನು ತಿನ್ನುವಾಗ ಕೋಳಿ ಬಂದು ತಟ್ಟೆಗೇ ಬಾಯಿ ಹಾಕಿತ್ತಲ್ಲ!"

ನನ್ನ ನಗು ಅರ್ಧಕ್ಕೆ ನಿಂತಿತು. ಕನ್ನಡದಲ್ಲಿ ನಾವು ಎಂದರೆ ಮುಗಿಯಿತು. ಕೇಳುತ್ತಿರುವವರು ಆ ನಾವಿನ ಒಳಗಿದ್ದಾರೋ ಹೊರಗಿದ್ದಾರೋ ದೇವರೇ ಬಲ್ಲ. ತುಳುವಿನಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅಲ್ಲಿ ಎರಡು ನಾವು ಇವೆ. ನೀನೂ ಸೇರಿದ ನಾವು, ಅದು 'ನಮ'. ನಿನ್ನನ್ನು ಬಿಟ್ಟು ಉಳಿದ ನಾವು, ಅದು 'ಎಂಕುಲು'. ಮೂರು ವರ್ಷದ ಮಗುವೂ ಇದರಲ್ಲಿ ತಪ್ಪುವುದಿಲ್ಲ. ನಾನು ಅಬುಧಾಬಿಯಲ್ಲಿದ್ದೆ, ಕೋಳಿ ಕೇಮನ್ನಿನಲ್ಲಿತ್ತು. ಅವರು ಹೇಳಬೇಕಾದದ್ದು ಎಂಕುಲು.

"ನಮ ಅಂದ್ರೆ ಯಾರು?" ಎಂದೆ.

"ಎಂತ?"

"ನಾನು ಅಲ್ಲಿ ಇರಲಿಲ್ಲ. ಕೋಳಿ ನನ್ನ ತಟ್ಟೆಗೆ ಬಾಯಿ ಹಾಕಲಿಲ್ಲ. ನಮ ಅಂತ ಹೇಗೆ ಹೇಳಿದಿರಿ?"

"ಬಾಯಿ ತಪ್ಪಿ ಬಂತು ಮಾರಾಯ್ತಿ."

"ಬಾಯಿ ತಪ್ಪಿ ಬರ್ಬೇಕಾದ್ರೂ ಅಭ್ಯಾಸ ಬೇಕಲ್ಲ."

ಹಡಗಿನಲ್ಲಿ ಅವರ ಜೊತೆಯವರೆಲ್ಲ ಫಿಲಿಪಿನೊಗಳು, ಇಂಡೋನೇಷ್ಯಾದವರು ಎಂದೇ ನನಗೆ ಗೊತ್ತಿದ್ದದ್ದು. ಅವರೊಂದಿಗೆಲ್ಲ ಇಂಗ್ಲಿಷ್. ಹಾಗಾದರೆ ಈ ಕೋಳಿಯ ಕತೆಯನ್ನು ಅವರು ತುಳುವಿನಲ್ಲಿ ಹೇಳಿ ಹೇಳಿ ನಕ್ಕದ್ದು ಯಾರೊಂದಿಗೆ? ತುಳು ಗೊತ್ತಿರುವ, ಆ ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತಿದ್ದ ಯಾರೋ ಒಬ್ಬರು ಇರಬೇಕು. ಕೇಳಿಯೇ ಬಿಟ್ಟೆ.

"ಓ, ಅಕ್ಷತಾ," ಎಂದರು, ಏನೂ ಇಲ್ಲದ ಹಾಗೆ. "ಕಾರ್ಕಳದ ಹುಡುಗಿ. ನಮ್ಮ ಬೇಕರಿಯಲ್ಲೇ ಕೇಕಿನ ಕೆಲಸ. ನಿನಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಹಡಗಿನ ಹಿಟ್ಟು ನಾದುವ ಯಂತ್ರ ಯಾವ ದೇಶದ್ದು ಎಂದು ಹೇಳಿದ್ದರು, ಕೆಲಸಗಾರರ ಕ್ಯಾಂಟೀನಿನಲ್ಲಿ ಎಷ್ಟು ಬಗೆಯ ಸಾಸ್ ಇದೆ ಎಂದು ಹೇಳಿದ್ದರು, ಕಾರ್ಕಳದ ಹುಡುಗಿಯ ಸುದ್ದಿ ಮಾತ್ರ ಹೇಳಿರಲಿಲ್ಲ.

ಆ ಮೇಲಿನ ವಾರ ಫೋನೇ ಇಲ್ಲ. ಸಂಜೆ ಪಾಳಿಯಿಡೀ ಎಕ್ಸ್‌ರೇ ಕೋಣೆಯ ಪಕ್ಕಕ್ಕೆ ಹೋಗಿ ಹೋಗಿ ಬಂದೆ. ಕೊನೆಗೆ ಒಂದು ಮೆಸೇಜು ಬಂತು. ಕೇಮನ್ನಿನಲ್ಲಿ ಗಾಳಿಯಂತೆ, ಕ್ಯಾಪ್ಟನ್ ಬಂದರು ಬಿಟ್ಟು ಮುಂದೆ ಹೋದರಂತೆ. ಎರಡನೆಯ ವಾರ ಫೋನ್ ಬಂತು, ಮೂರನೆಯ ವಾರ ಮತ್ತೆ ಗಾಳಿ. ಆ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವ ಹಾಗಿಲ್ಲವಂತೆ. ಹಡಗು ದೂರದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಅಲೆ ಎದ್ದರೆ ದೋಣಿ ಮೇಲೆ ಕೆಳಗೆ ಆಡುತ್ತದೆ, ಕಾಲಿಡಲು ಆಗುವುದಿಲ್ಲ. ಚಳಿಗಾಲದಲ್ಲಿ ಉತ್ತರದ ಗಾಳಿ ಬಂದರೆ ಹೀಗೆಯೇ. ಇದನ್ನೆಲ್ಲ ಅವರು ಮುರಿದು ಮುರಿದು ಬರುವ ವಾಯ್ಸ್ ಮೆಸೇಜಿನಲ್ಲಿ ವಿವರಿಸಿದರು. "ಬಂದರು ತಪ್ಪಿದ ದಿನ ನಮಗೆ ಕೆಲಸ ಡಬ್ಬಲ್. ಪ್ಯಾಸೆಂಜರಿಗೆ ಬೇಜಾರಾದ್ರೆ ತಿನ್ಲಿಕ್ಕೆ ಕೂತ್ಕೊಳ್ತಾರೆ," ಎಂದೂ ಹೇಳಿದರು. ಪ್ರವಾಸಿಗರ ಬೇಜಾರಿಗೆ ಕೇಕು ಇತ್ತು. ನನ್ನ ಬೇಜಾರಿಗೆ ಏನೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೆಳ್ತಂಗಡಿಯ ಕಡೆ, ಘಟ್ಟದ ಬುಡದಲ್ಲಿ. ಸಮುದ್ರ ಅಂದರೆ ಶಾಲೆಯ ಟೂರಿನಲ್ಲಿ ನೋಡಿದ ಪಣಂಬೂರು. ಗಾಳಿ ಅಂದರೆ ಮೋಡ, ಮಿಂಚು, ಮಳೆ ಎಲ್ಲ ಒಟ್ಟಿಗೆ ಬರುವಂಥದ್ದು ಎಂದೇ ತಿಳಿದವಳು. ಹಾಗಾಗಿ ಆ ದ್ವೀಪದ ಕಡಲ ದಡದಲ್ಲಿ ಯಾರೋ ಇಟ್ಟಿರುವ ಕ್ಯಾಮರಾವನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಹಡಗುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಹಲ್ಲು ನೋವೆಂದು ಕೆನ್ನೆ ಹಿಡಿದು ಬಂದವರು ಎದುರಿಗೆ ನಿಂತಿರುತ್ತಿದ್ದರು, ನಾನು ಕೌಂಟರಿನ ಕೆಳಗೆ ಕೆರಿಬಿಯನ್ ಸಮುದ್ರ ಜಾಲಾಡುತ್ತಿದ್ದೆ. ಮತ್ತೊಮ್ಮೆ "ಗಾಳಿ" ಎಂದು ಮೆಸೇಜು ಬಂದ ದಿನ ಕ್ಯಾಮರಾ ತೆರೆದು ನೋಡಿದೆ. ಬಿಸಿಲು. ಹಾಲಿನಂಥ ಮರಳು, ನೀಲಿ ಆಕಾಶ, ಒಂದು ತುಂಡು ಮೋಡವಿಲ್ಲ. ಚಿತ್ರ ತೆಗೆದು ಕಳಿಸಿದೆ, ಕೆಳಗೆ ಬರೆದೆ: ಇದು ಯಾವ ಗಾಳಿ?

ಉತ್ತರ ಮಾರನೆಯ ದಿನ ಬಂತು. "ಗಾಳಿ ಕ್ಯಾಮರಾದಲ್ಲಿ ಕಾಣ್ತದಾ ಶಾಲಿನಿ?"

ಬಹಳ ಜಾಣತನದ ಮಾತು ಎನಿಸಿತು. ಅಷ್ಟು ಜಾಣತನ ನಮ್ಮವರಿಗೆ ಇರಲಿಲ್ಲ. ಅದೂ ಅವಳೇ ಕಲಿಸಿಕೊಟ್ಟದ್ದಿರಬೇಕು ಎಂದುಕೊಂಡೆ.

ಜೊಹರಾಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಬಟಾಣಿ ಸುಲಿಯುತ್ತ ಕೇಳಿಸಿಕೊಂಡರು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿನಗೆ ಈಗ ಗಾಳಿಯೂ ಹಳದಿ ಕಾಣ್ತಾ ಉಂಟು," ಎಂದರು. ನಾನು ಎದ್ದು ಕೋಣೆಗೆ ಹೋದೆ. ಅವರ ಗಂಡ ದಿನಾ ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ, ಟಿವಿಯ ಮುಂದೆ ಗೊರಕೆ ಹೊಡೆಯುತ್ತಾರೆ. ಅವರಿಗೆ ಹೇಳುವುದು ಸುಲಭ. ಆ ದಿನಗಳಲ್ಲಿ ನನಗೆ ಆ ಗೊರಕೆಯ ಮೇಲೂ ಹೊಟ್ಟೆಕಿಚ್ಚು ಇತ್ತು.

ಡಿಸೆಂಬರ್ ಇಡೀ ಹಾಗೆಯೇ ಹೋಯಿತು. ಬೇಕರಿಯವರು ಕೇಳುತ್ತಿದ್ದಾರೆ, ಪಾಸ್‌ಪೋರ್ಟಿನ ಕಾಪಿ ಕಳಿಸಿ ಎಂದು ನಾನು ಹೇಳಿದರೆ, "ಆಯ್ತು, ನೋಡುವ," ಎನ್ನುತ್ತಿದ್ದರು ದಿನೇಶ್. ನಮ್ಮ ಕಡೆ "ನೋಡುವ" ಎಂದರೆ ಆಗುವುದಿಲ್ಲ ಎನ್ನುವುದಕ್ಕೆ ಮರ್ಯಾದೆಯ ಮಾತು. ಮಾರ್ಚಿಗೆ ಅವರು ಬರುತ್ತಾರೋ ಇಲ್ಲವೋ ಎಂಬುದೊಂದೇ ಹಗಲೂ ರಾತ್ರಿ ತಲೆಯಲ್ಲಿ. ಬರದಿದ್ದರೆ ಕಾರಣ ಯಾರೆಂದು ನನ್ನ ಮನಸ್ಸು ಮೊದಲೇ ತೀರ್ಮಾನ ಮಾಡಿಟ್ಟಿತ್ತು.

ಹೀಗಿರುವಾಗ ಫೆಬ್ರವರಿಯ ಮೊದಲಿಗೆ ಗೊತ್ತಿಲ್ಲದ ನಂಬರಿನಿಂದ ವಾಯ್ಸ್ ಮೆಸೇಜು ಬಂತು. ಸಣ್ಣ ಸ್ವರ, ಅವಸರದ ಮಾತು. "ಅಕ್ಕಾ, ನಾನು ಅಕ್ಷತಾ. ಡಿಸೆಂಬರಲ್ಲಿ ಆ ಹಡಗಿಂದ ಇಳ್ದು ಊರಿಗೆ ಹೋಗಿದ್ದೆ. ಈಗ ಬೇರೆ ಹಡಗು ಕೊಟ್ಟಿದ್ದಾರೆ, ಗಲ್ಫ್ ಸುತ್ತುವುದು. ವಾರಕ್ಕೊಮ್ಮೆ ಅಬುಧಾಬಿಗೆ ಬರ್ತದೆ. ದಿನೇಶಣ್ಣ ನಿಮಗೆ ಒಂದು ಕೇಕ್ ಕೊಟ್ಟಿದ್ದಾರೆ. ಗುರುವಾರ ಸಿಗ್ತೀರಾ?"

ದಿನೇಶಣ್ಣ! ಅಣ್ಣ ಎನ್ನುವುದು ನಮ್ಮಲ್ಲಿ ಬಸ್ ಕಂಡಕ್ಟರನಿಗೂ ಹೇಳುವ ಮಾತು, ಅದರಿಂದ ಏನೂ ತಿಳಿಯುವುದಿಲ್ಲ. ಜೊಹರಾಕ್ಕ ಮಾತ್ರ ಖುಷಿಯಾದರು. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಬರ್ಲಿ. ಕಣ್ಣಾರೆ ನೋಡಿಬಿಡು. ನೋಡದ್ದಕ್ಕೇ ಭೂತದಷ್ಟು ದೊಡ್ಡದಾಗಿದೆ ಅದು." ಆಮೇಲೆ ಸ್ವಲ್ಪ ಯೋಚಿಸಿ, "ಆ ದ್ವೀಪದ ಕೇಕಿಗೆ ರಮ್ ಹಾಕ್ತಾರಂತೆ ಅಲ್ವಾ? ನಮ್ಮ ಫ್ರಿಜ್ಜಲ್ಲಿ ಇಡ್ಬೇಡ," ಎಂದರು.

ಗುರುವಾರಕ್ಕೆ ನಾನು ರಜೆ ಹಾಕಿದೆ. ಹಿಂದಿನ ದಿನ ಪಾರ್ಲರಿಗೆ ಹೋದೆ. ಮದುವೆಗೆ ಹೊಲಿಸಿ ತೊಟ್ಟಿರದ ನೇರಳೆ ಚೂಡಿದಾರ್ ಇಸ್ತ್ರಿ ಮಾಡಿದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೆಂಡತಿ ಎಂದರೆ ಹೇಗಿರುತ್ತಾಳೆ ಎಂದು ಅವಳು ಒಮ್ಮೆ ನೋಡಲಿ ಎಂದಿತ್ತು, ಅಷ್ಟೇ. ಬೆಳಿಗ್ಗೆ ಮೀನಾದ ಗೇಟಿನ ಹೊರಗೆ ಟ್ಯಾಕ್ಸಿ ಇಳಿದ ಕೂಡಲೇ ಗಾಳಿ ನನ್ನ ತಲೆಯ ಮೇಲಿನ ಪಾರ್ಲರನ್ನು ಕಿತ್ತು ಬಿಸಾಡಿತು. ಶಮಾಲ್. ವಾಯವ್ಯದಿಂದ ಬರುವ ಗಾಳಿಗೆ ಇಲ್ಲಿ ಹಾಗೆ ಹೇಳುತ್ತಾರೆ. ಕ್ಲಿನಿಕ್ಕು, ಫ್ಲಾಟು, ಲಿಫ್ಟು ಎಂದು ಓಡಾಡುವ ನನಗೆ ಅದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬೇಡ ಎನ್ನುವ ಸುದ್ದಿ ಮಾತ್ರ ಆಗಿತ್ತು. ಸಮುದ್ರದ ಬದಿಯಲ್ಲಿ ನಿಂತು ನೋಡಿದ್ದು ಅದೇ ಮೊದಲು. ನೀರು ಬೆಳ್ಳಗೆ ನೊರೆ ಕಟ್ಟಿ ಕಟ್ಟಿ ಬರುತ್ತಿತ್ತು. ಹಲ್ಲಿನ ಸಂದಿಗೆಲ್ಲ ಮರಳು.

ಹೊರಗೆ ಪ್ರವಾಸಿಗರ ಬಸ್ಸುಗಳು ಕಾದು ನಿಂತಿದ್ದವು. ಬಣ್ಣದ ಕೊಡೆ ಹಿಡಿದ ಗೈಡುಗಳ ಕೊಡೆಗಳು ಮಗುಚಿ ಹೋಗುತ್ತಿದ್ದವು. ದೂರದಲ್ಲಿ ಒಂದು ಬಿಳಿ ಹಡಗು, ಅಪಾರ್ಟ್‌ಮೆಂಟಿನಷ್ಟು ದೊಡ್ಡದು, ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ತಿರುಗಿತು. ಬರುತ್ತಿದೆ ಎಂದುಕೊಂಡೆ. ನೋಡಿದರೆ ಬೆನ್ನು ತೋರಿಸಿತು.

ಫೋನ್ ಟಣ್ ಎಂದಿತು. "ಅಕ್ಕಾ ಸಾರಿ. ಕ್ಯಾಪ್ಟನ್ ಅನೌನ್ಸ್ ಮಾಡಿದ್ರು. ಗಾಳಿ ಜೋರಂತೆ, ಇವತ್ತು ಅಬುಧಾಬಿ ಇಲ್ಲ, ಸೀದಾ ದುಬೈ. ಮುಂದಿನ ವಾರ ಖಂಡಿತ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನಾನು ತಲೆಯೆತ್ತಿ ಆಕಾಶ ನೋಡಿದೆ. ನೀಲಿ. ಬಿಸಿಲು. ಒಂದು ತುಂಡು ಮೋಡವಿಲ್ಲ. ಫೋನಿನಲ್ಲಿ ಒಂದು ಚಿತ್ರ ತೆಗೆದರೆ ಯಾರೂ ನಂಬದಷ್ಟು ಒಳ್ಳೆಯ ದಿನ. ಅಲ್ಲಿ ಕಟ್ಟೆಯ ಹತ್ತಿರ ಕೂತು ನನಗೆ ನಗು ಬಂತು, ಅ‍ಳುವೂ ಬಂತು. ದಿನೇಶ್ ಸುಳ್ಳು ಹೇಳಿರಲಿಲ್ಲ. ಕೇಮನ್ನಿನಲ್ಲಿ ಗಾಳಿ ಇತ್ತು.

ಇಷ್ಟಕ್ಕೆ ನನಗೆ ಸಮಾಧಾನ ಆಗಬೇಕಿತ್ತು. ಟ್ಯಾಕ್ಸಿಯಲ್ಲಿ ಬನಿಯಾಸ್ ತನಕ ಸಮಾಧಾನವಾಗಿಯೇ ಇದ್ದೆ. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಇನ್ನೊಂದು ಯೋಚನೆ ಬಂತು. ಗಾಳಿ ನಿಜ, ಸರಿ. ದಡಕ್ಕಿಳಿಯಲು ಆಗದ ಆ ದಿನಗಳಲ್ಲೆಲ್ಲ, ಒಂದೇ ಬೇಕರಿಯಲ್ಲಿ, ಒಂದೇ ಓವನ್ನಿನ ಎದುರು, ಅವರ ಪಕ್ಕದಲ್ಲಿ ಇದ್ದವಳು ಯಾರು? ಹೊಟ್ಟೆಕಿಚ್ಚಿಗೆ ಒಂದು ಬಾಗಿಲು ಮುಚ್ಚಿದರೆ ಅದು ಕಿಟಕಿಯಿಂದ ಬರುತ್ತದೆ.

ಮುಂದಿನ ಗುರುವಾರ ಗಾಳಿ ಇರಲಿಲ್ಲ. ನೇರಳೆ ಚೂಡಿದಾರನ್ನು ಈ ಸಲ ಹಾಕಲಿಲ್ಲ, ಕ್ಲಿನಿಕ್ಕಿನ ಬಟ್ಟೆಯಲ್ಲೇ ಹೋದೆ. ಗೇಟಿನಿಂದ ಹೊರಗೆ ಬಂದವಳು ನನ್ನ ಭುಜದಷ್ಟು ಎತ್ತರದ ಹುಡುಗಿ, ಸಪೂರ, ಬೆನ್ನಿಗೊಂದು ಬ್ಯಾಗು. ಕೈಯಲ್ಲಿ ಅಲ್ಲಲ್ಲಿ ಓವನ್ ತಾಗಿ ಸುಟ್ಟ ಗೆರೆಗಳು. ದಿನೇಶರ ಕೈಯಲ್ಲೂ ಅದೇ ಜಾಗದಲ್ಲಿ ಅದೇ ಗೆರೆಗಳಿವೆ. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

"ಅಕ್ಕಾ!" ಎಂದು ಬಂದು ತಬ್ಬಿಕೊಂಡಳು. "ಫೋಟೊದಲ್ಲಿ ನೋಡಿದ್ದಕ್ಕಿಂತ ಸಣ್ಣ ಆಗಿದ್ದೀರಿ. ನಿಮಗೆ ಲಿಫ್ಟ್ ಅಂದ್ರೆ ಹೆದರಿಕೆ ಅಲ್ವಾ? ಈಗಲೂ ಉಂಟಾ?"

ನನಗೆ ಲಿಫ್ಟ್ ಅಂದರೆ ಹೆದರಿಕೆ ಎಂದು ಜೊಹರಾಕ್ಕನಿಗೂ ಗೊತ್ತಿರಲಿಲ್ಲ. ಕೊತ್ತಂಬರಿ ಸೊಪ್ಪು ಕಂಡರಾಗದು ಎಂಬುದೂ ಅವಳಿಗೆ ಗೊತ್ತಿತ್ತು. ದಿನೇಶ್ ನನ್ನ ಬಗ್ಗೆ ಅಷ್ಟೆಲ್ಲ ಮಾತಾಡುತ್ತಾರೆ ಎಂದು ಸಂತೋಷಪಡುವವಳು ಬೇರೆ ಯಾರಾದರೂ ಇರಬಹುದು. ನನಗೆ ಉರಿಯಿತು. ನಮ್ಮಿಬ್ಬರ ಮಾತು ಅವಳ ಕೈಯಲ್ಲಿತ್ತು, ಅವರಿಬ್ಬರ ಮಾತು ನನ್ನ ಕೈಯಲ್ಲಿ ಇರಲಿಲ್ಲ.

ಮನೆಗೆ ಬಂದವಳೇ ನೆಲದ ಮೇಲೆ ಬರಿಗಾಲಲ್ಲಿ ನಿಂತು, "ಅಯ್ಯೋ, ಅಲ್ಲಾಡುವುದೇ ಇಲ್ಲ!" ಎಂದಳು. ಜೊಹರಾಕ್ಕ ಬಿದ್ದು ಬಿದ್ದು ನಕ್ಕರು. ಅವರು ಬೆಳಗ್ಗೆಯೇ ಎದ್ದು ಕೋಳಿ ಸುಕ್ಕ, ಅಕ್ಕಿ ರೊಟ್ಟಿ ಮಾಡಿಟ್ಟಿದ್ದರು. ನಾನು ಒಂದು ಲೋಟ ನೀರು ಕೂಡ ಮುಂಚಿತವಾಗಿ ತುಂಬಿಸಿಟ್ಟಿರಲಿಲ್ಲ. ಅಕ್ಷತಾ ತಿನ್ನುವುದನ್ನು ನೋಡಿದರೆ ಪಾಪ ಎನಿಸುತ್ತಿತ್ತು. ಎನಿಸಲಿಲ್ಲ ಎಂದು ಹೇಳುವುದಿಲ್ಲ. ಆದರೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಅವಳು ಮಾತಾಡುತ್ತಿದ್ದಳು, ಮಾತೆಲ್ಲ ದಿನೇಶರದ್ದೇ.

"ದಿನೇಶಣ್ಣ ಚಾಕ್ಕೆ ಸಕ್ಕರೆ ಬಿಟ್ರಲ್ಲ, ಆಮೇಲೆ ಹೊಟ್ಟೆ ಕರಗಿತು."

"ಗೊತ್ತುಂಟು," ಎಂದೆ. ಗೊತ್ತಿರಲಿಲ್ಲ.

"ಮೊಣಕಾಲು ನೋವಿಗೆ ನಾನೇ ಎಣ್ಣೆ ತಂದು ಕೊಟ್ಟದ್ದು ಊರಿಂದ. ಹಚ್ಚುವುದೇ ಇಲ್ಲ ಅವರು."

"ಗೊತ್ತುಂಟು."

"ಹಿಟ್ಟು ಉಬ್ಬದಿದ್ರೆ ಅದಕ್ಕೆ ತುಳುವಿನಲ್ಲಿ ಬೈತಾರೆ. ಅಷ್ಟೊತ್ತಿಗೆ ಉಬ್ತದೆ ಅಕ್ಕಾ, ಸತ್ಯ!"

ಅದಕ್ಕೂ ಗೊತ್ತುಂಟು ಎಂದೆ. ನಾಲ್ಕು ವರ್ಷದ ಹೆಂಡತಿ ನಾನು. ನನಗೆ ಗೊತ್ತಿದ್ದದ್ದು ಒಂದು ಸ್ವರ ಮತ್ತು ಅಂಗೈಯಗಲದ ಒಂದು ಮುಖ. ಇವಳಿಗೆ ಗೊತ್ತಿದ್ದದ್ದು ಇಡೀ ಮನುಷ್ಯ. ಅವರಿಬ್ಬರ ನಡುವೆ ಏನಿದೆ, ಏನಿಲ್ಲ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು, ಆ ಹೊತ್ತಿಗೆ ಅದನ್ನೂ ಮರೆತೆ. ಏನಿಲ್ಲದಿದ್ದರೂ ಅವಳಿಗೆ ಸಿಕ್ಕಿದ್ದು ನನಗೆ ಸಿಕ್ಕಿರಲಿಲ್ಲ.

ಜೊಹರಾಕ್ಕ ಅಡುಗೆಕೋಣೆಗೆ ಹೋದಾಗ ಅವಳು ಸ್ವರ ತಗ್ಗಿಸಿದಳು. "ಅಕ್ಕಾ, ಒಂದು ವಿಷಯ ಹೇಳ್ಲಿಕ್ಕುಂಟು ನಿಮಗೆ."

"ಹೇಳು," ಎಂದೆ.

ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು. "ಸುಕ್ಕ ತುಂಬ ರುಚಿ ಆಗಿದೆ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಅಕ್ಕಾ, ಅದೆಂತ ಅಂದ್ರೆ..." ಎಂದು ಶುರುಮಾಡಿ ಕೇಕಿನ ಪೆಟ್ಟಿಗೆ ತೆಗೆದು ಕೊಟ್ಟಳು. ಕೈ ತೊಳೆದು ಬಂದ ಮೇಲೆ, "ಒಂದು ಅರ್ಧ ಗಂಟೆ ಮಲಗ್ಲಾ? ಎದ್ದ ಮೇಲೆ ಹೇಳ್ತೇನೆ. ಮೂರೂವರೆಗೆ ಎಬ್ಬಿಸಿ, ಹಡಗು ತಪ್ಪಿದ್ರೆ ಕೆಲಸ ಹೋಗ್ತದೆ," ಎಂದಳು. ಹೇಳಿ ಮುಗಿಸುವ ಮೊದಲೇ ನನ್ನ ಮಂಚದ ಮೇಲೆ, ಸರೀ ನಡುವಿನಲ್ಲಿ, ಕೈಕಾಲು ಚಾಚಿ ನಿದ್ದೆಹೋದಳು. ಹಡಗಿನಲ್ಲಿ ಮಲಗುವ ಜಾಗ ಕಪಾಟಿನಷ್ಟೇ ಇರುತ್ತದಂತೆ.

ನಾನು ಬಾಗಿಲ ಬಳಿ ಸ್ಟೂಲು ಹಾಕಿ ಕೂತೆ. ಹೇಳಲಿಕ್ಕಿರುವ ವಿಷಯ ಏನೆಂದು ನನಗೆ ಗೊತ್ತಾಗಿತ್ತು. ಅದೇ, ಮತ್ತೇನು. ನನ್ನ ಗಂಡನ ಜಾಗದಲ್ಲಿ ಮಲಗಿ ನಿದ್ದೆ ಹೊಡೆಯುತ್ತಿರುವ ಇವಳನ್ನು ಎಬ್ಬಿಸದೆ ಬಿಟ್ಟರೆ? ಹಡಗು ಹೋಗುತ್ತದೆ. ಇವಳು ಗೇಟಿನಲ್ಲಿ ನಿಂತು ನೋಡುತ್ತಾಳೆ, ನಾನು ನಿಂತು ನೋಡಿದ ಹಾಗೆ. ಎಬ್ಬಿಸಿದೆ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಹಡಗು ಅವಳಿಗೆ ಸಿಕ್ಕಿತು. ಆದರೆ ಎಬ್ಬಿಸುವ ಮೊದಲು ಅವಳ ಫೋನ್ ನಡುಗತೊಡಗಿತು.

ಮೇಜಿನ ಮೇಲೆ ಮಕಾಡೆ ಇಟ್ಟಿದ್ದಳು. ತಿರುಗಿಸಿ ನೋಡಿದೆ. 'ದಿನೇಶಣ್ಣ', ವಿಡಿಯೊ ಕಾಲ್. ಕೆರಿಬಿಯನ್ನಿನಲ್ಲಿ ಆಗ ನಸುಕು. ರಾತ್ರಿ ಪಾಳಿಯ ಬ್ರೆಡ್ಡೆಲ್ಲ ಮುಗಿದು ಅವರು ಮಲಗುವ ಹೊತ್ತು. ಆ ಹೊತ್ತಿಗೆ ಅವರು ನನಗೆ ಒಮ್ಮೆಯೂ ಫೋನ್ ಮಾಡಿದ್ದಿಲ್ಲ. ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಬೆರಳಿಂದ ಒತ್ತಿದೆ.

ಚಿತ್ರ ಬರಲಿಲ್ಲ. ಬೂದು ಬಣ್ಣದ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಸ್ವರ ಮಾತ್ರ ಬಂತು, ತೂತು ತೂತಾಗಿ.

"ಅಕ್ಷತಾ? ಹೇಳಿದ್ಯಾ ಅವಳಿಗೆ?"

"ಹೂಂ," ಎಂದೆ. ಹೂಂ ಎಂಬುದು ಯಾರ ಬಾಯಿಯಿಂದ ಬಂದರೂ ಒಂದೇ.

"ಎಲ್ಲ ಹೇಳಿದ್ಯಾ? ಎಂಟು ತಿಂಗಳಿಗೆ ಮತ್ತೆ ಸೈನ್ ಮಾಡಿದ್ದು? ಅಬುಧಾಬಿಯ ಬೇಕರಿ ಕೆಲಸಕ್ಕೆ ಬರುವುದಿಲ್ಲ ಅಂತ?"

ಬಾಲ್ಕನಿಯಲ್ಲಿ ಜೊಹರಾಕ್ಕನ ಮಕ್ಕಳ ಯೂನಿಫಾರ್ಮ್ ಒಣಗುತ್ತಿತ್ತು. ಒಂದು ತೋಳನ್ನು ಹಿಡಿದುಕೊಂಡು ನಿಂತೆ. ಮಾರ್ಚಿನಲ್ಲಿ ಅವರು ಬರುವುದಿಲ್ಲ. ಅದು ಒಂದು ನೋವು. ಅದಕ್ಕಿಂತ ಮುಂದಕ್ಕೆ ಇನ್ನೊಂದು ನೋವು ನುಗ್ಗಿಕೊಂಡು ಬಂತು. ಈ ಸುದ್ದಿ ಇವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಬ್ಯಾಗಿನಲ್ಲಿ ಕೇಕಿನ ಜೊತೆ ಅದನ್ನೂ ಹೊತ್ತು ತಂದಿದ್ದಳು.

"ಹೂಂ."

"ಅತ್ತಳಾ?"

ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ನನಗೆ ಅವಳ ಹತ್ರ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ ಅಕ್ಷತಾ. ಹಡಗು ಬಿಟ್ಟು ಆ ಊರಲ್ಲಿ ರೊಟ್ಟಿ ತಟ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಂತ ಹೇಗೆ ಹೇಳುವುದು? ಬೇರೆ ಹೆಂಗಸು ಉಂಟು ಅಂತ ಎಣಿಸಿದ್ದಾಳೆ ಅವಳು. ಹಾಗೆ ಎಣಿಸಿದ್ರೆ ಎಣಿಸ್ಲಿ ಅಂತ ಬಿಟ್ಟಿದ್ದೆ. ಅದೇ ಸುಲಭ ಅನಿಸ್ತು."

ಅಡ್ಡ ಬಂದದ್ದು ಹೆಂಗಸಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಒಳಗೆ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದ ಹುಡುಗಿಯ ಜುಟ್ಟಿಗೆ ಈಗ ಯಾವ ಅರ್ಥವೂ ಉಳಿಯಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ನೀರು, ಆ ಓವನ್ನು, ವಾರಕ್ಕೊಮ್ಮೆ ಸಿಕ್ಕಿದರೆ ಸಿಕ್ಕಿತು ಇಲ್ಲದಿದ್ದರೆ ಇಲ್ಲ ಎನ್ನುವ ಆ ದಡ. ಅವುಗಳ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಅಕ್ಷತಾ? ಇದ್ದೀಯಾ? ಎಂತ ಹೇಳಿದಳು ಅವಳು?"

"ನೀವೇ ಹೇಳ್ಬೇಕಂತೆ," ಎಂದೆ.

ಆಗ ಚಕ್ರ ನಿಂತು ಚಿತ್ರ ಬಂತು. ಬನಿಯನ್ ಹಾಕಿಕೊಂಡು, ಸಣ್ಣದೊಂದು ದೀಪದ ಕೆಳಗೆ, ಹಣೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದರು. ಮೂಗಿನ ಮೇಲೆ ಕಪ್ಪು ಚೌಕಟ್ಟಿನ ದಪ್ಪ ಕನ್ನಡಕ. ಅವರಿಗೆ ಕನ್ನಡಕವಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ನನ್ನನ್ನು ನೋಡಿದರು. ಕೇಳಲು ನನ್ನ ಹತ್ತಿರ ನಾಲ್ಕು ತಿಂಗಳ ಪ್ರಶ್ನೆಗಳಿದ್ದವು.

"ಕನ್ನಡಕ ಯಾವಾಗ?" ಎಂದೆ.

ಅವರ ಕೈ ತಾನಾಗಿ ಮುಖಕ್ಕೆ ಹೋಯಿತು. "ಇದಾ? ತುಂಬ ದಿನ ಆಯ್ತು," ಎಂದರು. "ನಿನ್ನೊಟ್ಟಿಗೆ ಮಾತಾಡುವಾಗ ತೆಗೆದಿಡ್ತೇನೆ."